ಕಸ ಎಂದು ಗುರುತಿಸಿದ ಕಾಳುಗಳು

ಸೆಪ್ಟೆಂಬರ್ 22, ಸೋಮವಾರ

ಕೋಪ ಬಂದಾಗ ಬಾಯಿ ಬಿಡಬೇಡಿ, ಬರೆದಿಡಿ ಎಂದು ಶಿಡ್ಲಘಟ್ಟದ ಡಾಕ್ಟರು ಹೇಳಿದ್ದಾರೆ. ಮೂವತ್ತೊಂದಕ್ಕೇ ನನಗೆ ಬಿ.ಪಿ. ಅಂತೆ. ಸರಿ, ಬರೆಯುತ್ತೇನೆ. ಮೊದಲ ಕೋಪ ಆ ಡಾಕ್ಟರ ಮೇಲೆಯೇ. ಅರ್ಧ ದಿನ ಬೆಂಚಿನ ಮೇಲೆ ಕೂರಿಸಿ, ಒಳಗೆ ಹೋದ ಮೇಲೆ ನನ್ನ ಮುಖ ಕೂಡ ನೋಡದೆ ‘ಟೆನ್ಷನ್ ತಗೋಬೇಡಿ’ ಎಂದರು. ಟೆನ್ಷನ್ ಕೊಡುವವರಿಗೆ ಯಾರೂ ಚೀಟಿ ಬರೆದುಕೊಡುವುದಿಲ್ಲ.

ಎರಡನೇ ಕೋಪ ಅಮ್ಮನ ಮೇಲೆ. ಸಂಜೆ ಜಗಲಿಯಲ್ಲಿ ಕೂತು ಪಕ್ಕದ ಮನೆಯ ಗಂಗುಲಮ್ಮನಿಗೆ ಹೇಳುತ್ತಿದ್ದಳು, ‘ನಮ್ಮ ಹರಿತಾ ದಿನಾ ಕಂಪ್ಯೂಟ್ರು ಮುಂದೆ ಕೂತ್ಕೊಂಡು ಅದ್ಯಾವ್ದೋ ಕಾಳಿನ ಸುತ್ತ ಗೆರೆ ಎಳೀತಾಳೆ ಕಣೇ. ಅದಕ್ಕೂ ಸಂಬಳ ಕೊಡ್ತಾರೆ ನೋಡು.’ ಇಬ್ಬರೂ ನಕ್ಕರು. ನಾನು ಬ್ಯಾಗು ಎಸೆದು ಒಳಗೆ ಬಂದೆ.

ಆಗ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತೇನೆ. ಅಮ್ಮಾ, ನಮ್ಮ ಕೇಂದ್ರದಲ್ಲಿ ರೇಷ್ಮೆ ಮೊಟ್ಟೆ ತಯಾರಾಗುತ್ತದೆ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು, ಆ ರಸದ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಗಂಟುರೋಗದ ಕಣ, ನಾವು ಲ್ಯಾಬಿನಲ್ಲಿ ಕಾಳು ಎನ್ನುವುದು, ಒಂದು ಕಂಡರೂ ಆ ಮೊಟ್ಟೆಗಳನ್ನೆಲ್ಲ ಸುಡಬೇಕು. ತಾಯಿಯ ಹೊಟ್ಟೆಯಿಂದಲೇ ಮರಿಗೆ ಬರುವ ರೋಗ ಅದು. ಔಷಧಿ ಇಲ್ಲ. ಒಂದು ಹುಳುವಿನಿಂದ ತಟ್ಟೆಗೆ, ತಟ್ಟೆಯಿಂದ ಮನೆಗೆ, ಮನೆಯಿಂದ ಊರಿಗೆ. ಇದನ್ನು ಮನುಷ್ಯರು ಕಣ್ಣು ಕೆಂಪಗೆ ಮಾಡಿಕೊಂಡು ನೋಡುತ್ತಿದ್ದರು. ಈಗ ನನ್ನ ಸಾಫ್ಟ್‌ವೇರಿಗೆ ಚಿತ್ರ ಕೊಟ್ಟರೆ ಅದೇ ಒಂದೊಂದು ಕೋಶದ ಅಂಚು ಹುಡುಕಿ ಗೆರೆ ಎಳೆಯುತ್ತದೆ. ಚಿಟ್ಟೆಯ ಮೈಯ ಕೋಶಕ್ಕೆ ಹಸಿರು, ಕೊಬ್ಬಿನ ಹನಿಗೆ ಹಳದಿ, ಕಾಳಿಗೆ ಕೆಂಪು. ಅದಕ್ಕೆ ಹಾಗೆ ಗೆರೆ ಎಳೆಯಲು ಕಲಿಸಿದವಳು ನಾನು, ಸಾವಿರಾರು ಚಿತ್ರಗಳಲ್ಲಿ ಕೈಯಾರೆ ಎಳೆದು ತೋರಿಸಿ. ನೀನು ನಗುವ ಗೆರೆ ಅದೇ.

ಮತ್ತೆ ಆ ಮೊಟ್ಟೆ ಹೋಗುವುದು ಎಲ್ಲಿಗೆ? ನಿನ್ನ ಗಂಡನ ಚಾಕಿ ಮನೆಗೆ. ಅಪ್ಪ ಆ ಮೊಟ್ಟೆ ತಂದು ಮರಿ ಮಾಡಿಸಿ, ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವ ಎರಡು ಜ್ವರ ದಾಟಿಸಿ, ಜಂಗಮಕೋಟೆಯಿಂದ ಮಂಡಿಕಲ್ಲಿನವರೆಗೆ ರೈತರಿಗೆ ಕೊಡುತ್ತಾರೆ. ‘ಆವಲಪ್ಪನ ಹುಳ’ ಎಂದರೆ ಜನ ಕಣ್ಣು ಮುಚ್ಚಿಕೊಂಡು ತೆಗೆದುಕೊಂಡು ಹೋಗುತ್ತಾರೆ. ಆ ಹೆಸರು ಗೆರೆ ಎಳೆಯುವವಳ ಕೈಯಲ್ಲಿದೆ ಎಂದು ಗಂಗುಲಮ್ಮನಿಗೂ ಸ್ವಲ್ಪ ಹೇಳು.

ಬರೆದ ಮೇಲೂ ಕೋಪ ಇಳಿದಿಲ್ಲ. ಡಾಕ್ಟರು ಸುಳ್ಳು ಹೇಳಿದ್ದಾರೆ.

ಸೆಪ್ಟೆಂಬರ್ 27, ಶನಿವಾರ

ಓನರ್ ಮೋಹನ್‌ಬಾಬು ಕರೆಸಿದ್ದರು. ಮುಂದಿನ ತಿಂಗಳು ಆರನೇ ತಾರೀಖು ಮುದ್ದೇನಹಳ್ಳಿ ಕಾಲೇಜಿನವರು ಸಾಫ್ಟ್‌ವೇರ್ ನೋಡಲು ಬರುತ್ತಾರಂತೆ. ಅವರು ಒಪ್ಪಿದರೆ ಚಿಂತಾಮಣಿ, ಗೌರಿಬಿದನೂರು ಕೇಂದ್ರಗಳಿಗೂ ಹಾಕಿಸುವುದು, ನನ್ನನ್ನು ಕಾಯಂ ಮಾಡುವುದು. ‘ಏನೂ ಎಡವಟ್ಟಾಗಬಾರದಮ್ಮ’ ಎಂದರು. ನಾನು ಎಡವಟ್ಟು ಮಾಡುವವಳ ಹಾಗೆ ಕಾಣುತ್ತೇನೆಯೇ? ಎಡವಟ್ಟು ಮಾಡುವವರು ಬೇರೆ ಇದ್ದಾರೆ. ಚಿಟ್ಟೆ ಅರೆಯುವ ಮುನೇಶ್ ಇಂದು ಮತ್ತೆ ಒಂದೇ ಒರಳಿನಲ್ಲಿ ತೊಳೆಯದೆ ಎರಡು ಸಲ ಅರೆದ. ನನಗಿಂತ ಹತ್ತು ವರ್ಷ ದೊಡ್ಡವನು, ಎರಡು ಮಕ್ಕಳ ತಂದೆ, ಕೂಗಿದರೆ ‘ಆಯ್ತು ಮೇಡಂ, ನಂದೇ ತಪ್ಪು ಮೇಡಂ’ ಎಂದು ತಲೆ ತಗ್ಗಿಸುತ್ತಾನೆ. ಆ ತಗ್ಗಿಸಿದ ತಲೆ ನೋಡಿದರೆ ನನಗೆ ಇನ್ನೂ ಉರಿಯುತ್ತದೆ.

ಅಕ್ಟೋಬರ್ 1, ಬುಧವಾರ

ಒತ್ತಿ ಒತ್ತಿ ಬರೆದು ಒಂದು ಹಾಳೆ ಆಗಲೇ ಹರಿಯಿತು.

ಇಂದು ಆಯುಧ ಪೂಜೆ. ಮನೆಯಲ್ಲಿ ಟ್ರ್ಯಾಕ್ಟರ್, ಸೊಪ್ಪು ಕತ್ತರಿಸುವ ಮಿಷನ್, ಅಪ್ಪನ ಸ್ಕೂಟರ್ ಎಲ್ಲಕ್ಕೂ ಪೂಜೆ ಮುಗಿಸಿ ಕೇಂದ್ರಕ್ಕೆ ಹೋದೆ. ಬಾಗಿಲಲ್ಲಿ ಮಾವಿನ ತೋರಣ, ಒಡೆದ ಬೂದುಗುಂಬಳ, ಸಾಂಬ್ರಾಣಿ ಹೊಗೆ. ಅದೆಲ್ಲ ಇರಲಿ. ಒಳಗೆ ಹೋದರೆ ಕ್ಯಾಮೆರಾ ಮೈಕ್ರೋಸ್ಕೋಪಿನ ಕೊಳವೆಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಕಣ್ಣಿಟ್ಟು ನೋಡುವ ಜಾಗಕ್ಕೆ ಚೆಂಡುಹೂವಿನ ಹಾರ. ಕೆಳಗೆ, ಗಾಜು ಇಡುವ ಜಾಗದಲ್ಲಿ, ಒಂದು ನಿಂಬೆಹಣ್ಣು.

‘ಯಾರು ಮಾಡಿದ್ದು ಇದು?’

‘ನಾನೇ ಮೇಡಂ,’ ಮುನೇಶ್ ಖುಷಿಯಾಗಿಯೇ ಅಂದ. ‘ಎಲ್ಲಾದ್ಕೂ ಮಾಡಿದ್ವಿ. ಇದಕ್ಕೊಂದು ಬಿಟ್ರೆ ಬೇಜಾರು ಮಾಡ್ಕೊಳಲ್ವಾ?’

ಆಮೇಲೆ ನಾನು ಏನು ಹೇಳಿದೆ ಎಂದು ಬರೆಯುವುದಿಲ್ಲ. ಮಂಗಳಾರತಿ ತಟ್ಟೆ ಹಿಡಿದು ನಿಂತಿದ್ದವರೆಲ್ಲ ಕೇಳಿಸಿಕೊಂಡರು. ಮೋಹನ್‌ಬಾಬು ಕೂಡ. ‘ಹಬ್ಬದ ದಿನ ಬೇಡಮ್ಮ, ಹೋಗ್ಲಿ, ಪೋನೀ ಬಿಡು’ ಎಂದರು. ಪೋನೀ ಬಿಡು ಎನ್ನುವವರಿಂದಲೇ ಈ ದೇಶ ಹೀಗಿದೆ. ಪ್ರಸಾದ ತೆಗೆದುಕೊಳ್ಳದೆ ಬಂದೆ.

ಅಕ್ಟೋಬರ್ 3, ಶುಕ್ರವಾರ

ನಾನು ಹೇಳಿದ್ದೇ ಆಯಿತು. ಅಪ್ಪನಿಗೆ ಹೋಗಬೇಕಾದ ಮೊಟ್ಟೆಗಳ ತಾಯಿ ಚಿಟ್ಟೆಗಳನ್ನು ಇಂದು ಅರೆದು ನೋಡಿದರೆ ಪರದೆಯ ತುಂಬ ಕೆಂಪು. ಒಂದು ಚಿತ್ರ ದೊಡ್ಡದು ಮಾಡಿ ನೋಡಿದೆ. ಅಂಚು ಒಡೆದ, ಮೂಲೆ ಮೂಲೆಯ ಚೂರು. ಇನ್ನೊಂದು ನೋಡಿದೆ. ಅದೂ ಹಾಗೇ. ಕಾಳು ಹಾಗಿರುವುದಿಲ್ಲ, ನುಣುಪಾಗಿ, ಅಕ್ಕಿಕಾಳಿನ ಹಾಗೆ ಇರುತ್ತದೆ. ಇದು ವಿಭೂತಿ. ಶುದ್ಧ ವಿಭೂತಿ.

ಮುನೇಶನನ್ನು ಕರೆದು ಪರದೆ ತೋರಿಸಿದೆ. ‘ನೋಡಿ, ನಿಮ್ಮ ಭಕ್ತಿ.’ ಅವನು ಬಗ್ಗಿ ನೋಡಿ, ‘ತಪ್ಪಾಯ್ತು ಮೇಡಂ’ ಎಂದ. ಅರೆಯುವ ಕೋಣೆಯವರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ನೋಡಲಿ ಎಂದೇ ಬಾಗಿಲು ತೆರೆದಿಟ್ಟಿದ್ದೆ.

ಸ್ಪಿರಿಟ್ ಹಾಕಿ ಇಡೀ ಮೈಕ್ರೋಸ್ಕೋಪ್ ಒರೆಸಿದೆ. ಬೆರಳು ಸುಲಿದಿದೆ.

ಅಕ್ಟೋಬರ್ 4, ಶನಿವಾರ

ಇನ್ನೂ ಕೆಂಪು. ನಿನ್ನೆಯಷ್ಟಿಲ್ಲ, ಆದರೆ ಅಲ್ಲೊಂದು ಇಲ್ಲೊಂದು ಇದ್ದೇ ಇದೆ. ಮೈಕ್ರೋಸ್ಕೋಪ್ ಕನ್ನಡಿಯ ಹಾಗಿದೆ, ಹಾಗಾದರೆ ಎಲ್ಲಿಂದ? ರಸದ ಹನಿ ಇಡುವ ಗಾಜುಗಳ ಡಬ್ಬಿಯಿಂದಲೇ ಇರಬೇಕು.

‘ಮುನೇಶ್, ಗಾಜಿನ ಡಬ್ಬಿಗೂ ಇಟ್ಟಿದ್ರಾ ವಿಭೂತಿ?’

ಅವನು ನೆಲ ನೋಡಿದ.

‘ಬಾಯಲ್ಲಿ ಏನಿದೆ? ಇಟ್ರಾ ಇಲ್ವಾ?’

‘ಹೂಂ ಮೇಡಂ. ಇಟ್ಟಿರ್ಬೇಕು.’

ಇಟ್ಟಿರ್ಬೇಕಂತೆ. ಡಬ್ಬಿಯನ್ನು ಎತ್ತಿ ಕಸದ ಬುಟ್ಟಿಗೆ ಎಸೆದೆ. ಒಡೆದ ಸದ್ದು ಕೇಳಿ ಸಮಾಧಾನವಾಯಿತು. ಹೊಸ ಡಬ್ಬಿ ಮಂಗಳವಾರವೇ ಬರುವುದು. ಅಲ್ಲಿಯವರೆಗೆ ಕಾದು ಮತ್ತೆ ಎಲ್ಲ ಅರೆಸೋಣವೇ ಎಂದು ಒಂದು ಗಳಿಗೆ ಅನ್ನಿಸಿತು. ಸೋಮವಾರ ಕಾಲೇಜಿನವರು ಬರುತ್ತಾರೆ. ಅವನ ವಿಭೂತಿಗೋಸ್ಕರ ನಾನು ಅವರ ಮುಂದೆ ಕೈ ಕಟ್ಟಿ ನಿಲ್ಲಬೇಕೇ? ಆಗುವುದಿಲ್ಲ. ಕಸವನ್ನು ಕಸ ಎಂದು ಸಾಫ್ಟ್‌ವೇರಿಗೆ ಕಲಿಸಿದರಾಯಿತು.

ಅಕ್ಟೋಬರ್ 5, ಭಾನುವಾರ

ದಿನವಿಡೀ ಅದೇ ಕೆಲಸ. ಕೆಂಪು ಗೆರೆ ಕಂಡ ಕಡೆಯೆಲ್ಲ ಒತ್ತುವುದು, ‘ಕಸ’. ಮುಂದಿನದು, ‘ಕಸ’. ಮುಂದಿನದು, ‘ಕಸ’. ಪ್ರತಿ ಸಲ ಒತ್ತುವಾಗ ಆ ತಗ್ಗಿಸಿದ ತಲೆ ಕಣ್ಣ ಮುಂದೆ ಬರುತ್ತಿತ್ತು, ಒತ್ತುವುದು ಇನ್ನೂ ಜೋರಾಗುತ್ತಿತ್ತು. ದೊಡ್ಡದು ಮಾಡಿ ನೋಡುತ್ತ ಕೂತರೆ ಎರಡು ದಿನ ಹಿಡಿಯುತ್ತದೆ. ಅಮ್ಮ ಊಟಕ್ಕೆ ಕರೆದಳು, ಹೋಗಲಿಲ್ಲ. ‘ಅನ್ನದ ಮೇಲೆ ಯಾಕೆ ಕೋಪ ಕಣೇ’ ಎಂದಳು. ಅನ್ನದ ಮೇಲಲ್ಲ.

ಅಕ್ಟೋಬರ್ 6, ಸೋಮವಾರ

ಗೆದ್ದೆ.

ಅದೇ ಚಿತ್ರಗಳು, ಒಂದು ಕೆಂಪು ಗೆರೆಯಿಲ್ಲ. ಕಾಲೇಜಿನವರು ನೋಡುತ್ತ ನಿಂತರು. ದೂಳು ಬಿದ್ದರೂ ಮೋಸ ಹೋಗುವುದಿಲ್ಲವೇ ಎಂದು ಅವರಲ್ಲೊಬ್ಬರು ಕೇಳಿದರು. ನಾನು ವಿಭೂತಿಯ ಕಥೆ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುನೇಶ್ ಕಾಫಿ ಲೋಟ ಹಂಚುತ್ತಿದ್ದ, ಅವನೂ ನಕ್ಕ.

ಮೊಟ್ಟೆಗಳಿಗೆ ರೋಗವಿಲ್ಲ ಎಂದು ಸಹಿ ಹಾಕಿದೆ. ನಾಳೆ ಅಪ್ಪ ಬಂದು ಒಯ್ಯುತ್ತಾರೆ.

ಅಕ್ಟೋಬರ್ 12, ಭಾನುವಾರ

ಮರಿ ಎದ್ದಿವೆ. ಬೆಳಿಗ್ಗೆ ಅಪ್ಪ ಕೋಳಿಪುಕ್ಕದಲ್ಲಿ ಅವನ್ನು ಎಳೆಸೊಪ್ಪಿನ ಮೇಲೆ ತಳ್ಳುವಾಗ ಹೊರಗಿನವರು ಯಾರೂ ಒಳಗೆ ಬರಬಾರದು. ಬಂದವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿ, ‘ನಮ್ಮ ಹರಿತಾನೇ ನೋಡಿ ಕಳ್ಸಿರೋ ಮೊಟ್ಟೆ’ ಎನ್ನುತ್ತಿದ್ದರು. ಸಂಕೋಚವಾಯಿತು. ಹಾಗೆ ಹೇಳಬೇಡಿ ಎಂದು ಗದರಿದೆ. ಮಂಡಿಕಲ್ಲಿನ ಆಂಜನಪ್ಪ ಆಗಲೇ ಬಂದು ದೀಪಾವಳಿಗೆ ಮುಂಚೆ ಹುಳ ಬೇಕು ಎಂದು ಹೇಳಿಹೋಗಿದ್ದಾರೆ.

ಅಕ್ಟೋಬರ್ 15, ಬುಧವಾರ

ಮನೆಯಲ್ಲಿ ಜಗಳ. ಹುಳುಗಳು ಮೊದಲ ಜ್ವರಕ್ಕೆ ಕೂತಿವೆ, ಆದರೆ ಒಟ್ಟಿಗೆ ಕೂತಿಲ್ಲ. ಒಂದು ತಟ್ಟೆಯಲ್ಲಿ ಮುಕ್ಕಾಲು ಮಲಗಿದರೆ ಕಾಲು ಭಾಗ ಇನ್ನೂ ಮೇಯುತ್ತಿವೆ. ಅಮ್ಮ ಸೊಪ್ಪು ದಪ್ಪ ಹೆಚ್ಚಿದಳು ಎಂದು ಅಪ್ಪ. ನೀವು ತೇವಾಂಶ ನೋಡಲಿಲ್ಲ ಎಂದು ಅಮ್ಮ. ಇಬ್ಬರ ಮೇಲೂ ನಾನು ಕೂಗಾಡಿದೆ. ಸಣ್ಣ ವಿಷಯಕ್ಕೆ ಮನೆ ರಣರಂಗ ಮಾಡುತ್ತಾರೆ.

ಆಮೇಲೆ ನಾನೇ ಚಾಕಿ ಮನೆಗೆ ಹೋಗಿ ತಟ್ಟೆಗಳ ಮುಂದೆ ನಿಂತೆ. ಹುಳುಗಳ ಗಾತ್ರ ಒಂದೇ ಸಮ ಇರಲಿಲ್ಲ. ಸೊಪ್ಪಿನಿಂದಲೇ ಇರಬೇಕು.

ಅಕ್ಟೋಬರ್ 16, ಗುರುವಾರ

ಸೊಪ್ಪಿನಿಂದ ಅಲ್ಲ.

ಬೆಳಿಗ್ಗೆ ಸಣ್ಣ ಹುಳುಗಳನ್ನು ಆರಿಸಿ ಟಿಫಿನ್ ಬಾಕ್ಸಿನಲ್ಲಿ ಹಾಕಿಕೊಂಡು ಹೋದೆ. ನಾನೇ ಅರೆದೆ. ಸಾಫ್ಟ್‌ವೇರ್ ಎಲ್ಲವನ್ನೂ ಹಸಿರು ಮಾಡಿ ಸುಮ್ಮನೆ ಕೂತಿತು. ಕ್ಯಾಮೆರಾ ತೆಗೆದು ಕಣ್ಣಿಟ್ಟು ನೋಡಿದೆ. ನುಣುಪಾದ, ಹೊಳೆಯುವ, ಅಕ್ಕಿಕಾಳಿನಂಥವು. ಎಷ್ಟೊಂದು.

ಹಳೆಯ ಚಿತ್ರಗಳನ್ನು ತೆಗೆದು ನಾನು ‘ಕಸ’ ಎಂದು ಒತ್ತಿದ್ದನ್ನೆಲ್ಲ ಒಂದೊಂದಾಗಿ ದೊಡ್ಡದು ಮಾಡಿದೆ. ಶುಕ್ರವಾರದ ಚಿತ್ರಗಳಲ್ಲಿ ವಿಭೂತಿ ಇತ್ತು, ಅದು ನಿಜ. ಅದರ ಜೊತೆಯಲ್ಲೇ ಕಾಳೂ ಇತ್ತು. ಶನಿವಾರದ ಚಿತ್ರಗಳಲ್ಲಿ ವಿಭೂತಿಯೇ ಇರಲಿಲ್ಲ, ಇದ್ದದ್ದೆಲ್ಲ ಕಾಳು. ಸಾಫ್ಟ್‌ವೇರ್ ಸರಿಯಾಗಿ ಕೆಂಪು ಗೆರೆ ಎಳೆದಿತ್ತು. ಅದನ್ನು ಕೂರಿಸಿಕೊಂಡು ಒಂದು ಭಾನುವಾರ ಪೂರ್ತಿ ಕಾಳು ಕಾಣದ ಹಾಗೆ ಕಲಿಸಿದವಳು ನಾನು.

ಮುನೇಶ್ ಒರಳು ತೊಳೆಯುತ್ತಿದ್ದ. ಹೋಗಿ ಪಕ್ಕದಲ್ಲಿ ನಿಂತೆ. ಮೆಲ್ಲಗೆ ಕೇಳಿದೆ.

‘ಮುನೇಶ್, ಹಬ್ಬದ ದಿನ ಗಾಜಿನ ಡಬ್ಬಿಗೆ ವಿಭೂತಿ ಇಟ್ಟಿದ್ದು ನಿಮಗೆ ನೆನಪಿದ್ಯಾ?’

ಅವನು ನನ್ನ ಮುಖ ನೋಡಿದ. ಒರಳು ಕೆಳಗಿಟ್ಟು ಹೇಳಿದ, ‘ಡಬ್ಬಿ ಅವತ್ತು ನಿಮ್ಮ ಬೀರುನಲ್ಲಿತ್ತಲ್ಲ ಮೇಡಂ. ಬೀಗ ಹಾಕಿತ್ತು.’

‘ಮತ್ತೆ ಇಟ್ಟಿರ್ಬೇಕು ಅಂದ್ರಲ್ಲ?’

‘ನೀವು ಕೂಗ್ತಾ ಇದ್ರಿ. ಹೂಂ ಅಂದ್ರೆ ಬೇಗ ಮುಗೀತದೆ ಅಂತ ಅಂದೆ.’

ಅವನ ಮೇಲೆ ಕೋಪ ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ. ಬೀಗದ ಕೈ ನನ್ನ ಬ್ಯಾಗಿನಲ್ಲೇ ಇತ್ತು, ಅವತ್ತೂ, ಇವತ್ತೂ.

ಅಕ್ಟೋಬರ್ 17, ಶುಕ್ರವಾರ

ಬೆಳಿಗ್ಗೆ ಮೋಹನ್‌ಬಾಬುಗೆ ಹೇಳಿದೆ. ಮೊದಲು ಕುರ್ಚಿಯಲ್ಲಿ ಒರಗಿದರು, ಆಮೇಲೆ ಎದ್ದು ಹೋಗಿ ಬಾಗಿಲು ಹಾಕಿದರು. ‘ಬೇರೆ ಯಾರಿಗೂ ಈ ಮೊಟ್ಟೆ ಹೋಗಿಲ್ಲ, ನಿಮ್ಮ ಮನೆಗೇ ಹೋಗಿರೋದು. ಚಾಕಿ ಮನೇಲಿ ಏನೋ ಹೆಚ್ಚುಕಮ್ಮಿ ಆಯ್ತು ಅನ್ನಿ. ಯಾರು ಕೇಳ್ತಾರೆ?’ ಎಂದರು. ಇನ್ನೊಬ್ಬರ ಮಗಳಾಗಿದ್ದರೆ ಆ ಮಾತಿಗೆ ಒಪ್ಪುತ್ತಿದ್ದೆನೇನೋ. ಆ ಮಾತು ಆಡಿದವರ ಮೇಲೆ ಕೋಪ ಬಂತು, ಬಹಳ ದಿನಗಳ ನಂತರ ಸರಿಯಾದ ಕಡೆಗೆ ಬಂದ ಕೋಪ. ಸಹಿ ನನ್ನದು, ತಪ್ಪು ನನ್ನದು, ಚಾಕಿ ಮನೆಯದಲ್ಲ ಎಂದು ಹೇಳಿ ಎದ್ದು ಬಂದೆ. ಕಾಯಂ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮನೆಗೆ ಬಂದಾಗ ಅಪ್ಪ ಸೊಪ್ಪು ಹೆಚ್ಚುತ್ತಿದ್ದರು, ಅಮ್ಮ ಸೊಪ್ಪು ಬಾಡದ ಹಾಗೆ ಮುಚ್ಚುವ ಗೋಣಿ ನೆನೆಸುತ್ತಿದ್ದಳು. ಬಾಗಿಲಲ್ಲೇ ನಿಂತು ಹೇಳಿದೆ. ಅಪ್ಪ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

‘ಎಲ್ಲಾ ತಟ್ಟೇಲೂ ಇದ್ಯಾ?’

‘ಈಗ ಕೆಲವುದ್ರಲ್ಲಿ. ಎರಡನೇ ಜ್ವರ ಆಗೋ ಹೊತ್ತಿಗೆ ಎಲ್ಲಾದ್ರಲ್ಲೂ ಇರುತ್ತೆ ಅಪ್ಪ.’

‘ಔಷಧಿ?’

‘ಇಲ್ಲ.’

ಅಮ್ಮ ಗೋಣಿ ಬಿಟ್ಟು ಎದ್ದಳು. ‘ನಾಡಿದ್ದು ರೈತ್ರು ಬರ್ತಾರೆ ಕಣೇ. ಕೊಟ್ಟು ಕಳ್ಸಣ. ಅವ್ರ ಮನೇಲಿ ಏನಾದ್ರೂ ಆದ್ರೆ ಅದು ಅವ್ರ ಮನೇಲಿ ಆಗಿದ್ದು. ಯಾರಿಗೆ ಗೊತ್ತಾಗುತ್ತೆ? ಇಷ್ಟು ವರ್ಷ ನಿಮ್ಮಪ್ಪ ಉಳಿಸ್ಕೊಂಡು ಬಂದಿರೋ ಹೆಸ್ರು.’ ಹೇಳುತ್ತ ಹೇಳುತ್ತ ಅಳುವುದಕ್ಕೆ ಶುರು ಮಾಡಿದಳು. ಅಮ್ಮ ಕೆಟ್ಟವಳಲ್ಲ. ಹೆದರಿದ್ದಾಳೆ, ನನ್ನ ಹಾಗೆ.

ಅಪ್ಪ ಹೆಚ್ಚಿದ ಸೊಪ್ಪನ್ನು ತಟ್ಟೆಗಳಿಗೆ ಹಾಕಲಿಲ್ಲ. ರಾಶಿ ಹಾಗೇ ಬಿಟ್ಟು ಕೈ ತೊಳೆದುಕೊಂಡು ತೋಟಕ್ಕೆ ಹೋದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅಂದು ಹಗುರಾಗುತ್ತಿದ್ದೆ.

ಅಕ್ಟೋಬರ್ 18, ಶನಿವಾರ

ಬೆಳಿಗ್ಗೆ ಎದ್ದಾಗ ಬಾವಿಯ ಆಚೆ ಗುಂಡಿ ತೋಡಿಯಾಗಿತ್ತು. ಅಪ್ಪ ಯಾವಾಗ ತೋಡಿದರೋ. ಮೂವರೂ ಸೇರಿ ತಟ್ಟೆಗಳನ್ನು ಹೊತ್ತು ತಂದು ಸುರಿದೆವು. ಹುಳುಗಳು ಸೊಪ್ಪಿನ ದಂಟನ್ನು ಹಿಡಿದುಕೊಂಡಿದ್ದವು, ಕೊಡವಬೇಕಾಯಿತು. ಹುಲ್ಲು ಹಾಕಿ ಬೆಂಕಿ ಕೊಟ್ಟರು. ಅಮ್ಮ ಆ ಕಡೆ ತಿರುಗಿ ನಿಂತಳು. ಉರಿದ ಮೇಲೆ ನಾನು ಸುಣ್ಣ ಎರಚಿದೆ.

ಅಷ್ಟರಲ್ಲಿ ಆಂಜನಪ್ಪ ಬಂದರು. ನಾಳೆ ಬರಬೇಕಾದವರು, ಹಬ್ಬದ ಸಾಮಾನಿಗೆಂದು ಶಿಡ್ಲಘಟ್ಟಕ್ಕೆ ಬಂದವರು ಹುಳ ನೋಡಿಕೊಂಡು ಹೋಗಣ ಎಂದು ತಿರುಗಿದ್ದಾರೆ. ಗುಂಡಿ ನೋಡಿದರು, ಖಾಲಿ ತಟ್ಟೆಗಳನ್ನು ನೋಡಿದರು. ಅಪ್ಪ ಬಾಯಿ ತೆರೆಯುವ ಮುಂಚೆ ನಾನು ಹೇಳಿದೆ, ಮೊಟ್ಟೆಯಲ್ಲೇ ರೋಗವಿತ್ತು, ನೋಡಿದವಳು ನಾನು, ತಪ್ಪು ಮಾಡಿದವಳೂ ನಾನೇ.

ಆಮೇಲೆ ಆಂಜನಪ್ಪ ಹೇಳಿದ್ದನ್ನೆಲ್ಲ ಬರೆಯುವುದು ಕಷ್ಟ. ‘ಏನಮ್ಮಾ ನೀನು ಓದಿದ್ದು? ಮನೆ ತೊಳ್ದು ಸುಣ್ಣ ಹೊಡ್ದು ಇಟ್ಟಿದ್ದೀನಿ. ತೋಟದಲ್ಲಿ ಸೊಪ್ಪು ಬಂದು ನಿಂತದೆ. ಅದನ್ನೇನು ದನಕ್ಕೆ ಹಾಕ್ಲಾ? ನಮ್ಮ ಬಾಳೆಲ್ಲಾ ನಿನಗೆ ಕಂಪ್ಯೂಟ್ರು ಆಟ ಆಗೋಯ್ತಾ? ಆವಲಪ್ಪನ ಮಗಳಂತ ನಂಬಿದ್ವಲ್ಲ, ನಮ್ದು ಬುದ್ಧಿಗೇಡಿತನ.’ ಇನ್ನೂ ಬಹಳ ಹೇಳಿದರು. ಸುಣ್ಣದ ಬಕೆಟ್ ಹಿಡಿದು ಕೇಳಿದೆ. ಅವರು ಹೇಳಿದ್ದರಲ್ಲಿ ಸುಳ್ಳು ಯಾವುದು ಎಂದು ಹುಡುಕಿದೆ, ಸಿಗಲಿಲ್ಲ. ಮಾತು ಮುಗಿದ ಮೇಲೆ ಅಮ್ಮ ಕೊಟ್ಟ ನೀರು ಕುಡಿದು ಹೋದರು.

ಹನ್ನೊಂದರ ಹೊತ್ತಿಗೆ ಅಪ್ಪ ಜಗಲಿಯಲ್ಲಿ ಕೂತು ಮಿಕ್ಕ ರೈತರಿಗೆ ಫೋನ್ ಮಾಡಲು ಶುರು ಮಾಡಿದರು. ನಾನು ಅಂಗಳದಲ್ಲಿ ತಟ್ಟೆ ಉಜ್ಜುತ್ತಿದ್ದೆ. ಅಪ್ಪ ಕೇಂದ್ರದ ಹೆಸರು ಹೇಳಿ ಬಿಡಬಹುದಿತ್ತು. ಸಾಫ್ಟ್‌ವೇರ್ ಕೈಕೊಟ್ಟಿತು ಎನ್ನಬಹುದಿತ್ತು, ಅದನ್ನು ಎಲ್ಲರೂ ನಂಬುತ್ತಾರೆ. ಹಾಗೆ ಹೇಳಿ ಅಪ್ಪ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಪ್ಪ ಎಲ್ಲರಿಗೂ ಒಂದೇ ಥರ ಹೇಳಿದರು.

‘ಈ ಸಲ ಹುಳ ಇಲ್ಲ ಕಣಪ್ಪ, ಸುಟ್ಟಾಕ್ದೆ. ಮೊಟ್ಟೆ ನೋಡಿದ್ದು ನಮ್ಮ ಹರಿತಾನೇ, ಅವ್ಳೇ ತಪ್ಪು ಮಾಡಿದ್ಲು. ಅವ್ಳೇ ಬಂದು ಹೇಳಿದ್ಲು.’

ಆ ಕಡೆಯವರು ಏನೋ ಅನ್ನುತ್ತಿದ್ದರು, ಅಪ್ಪ ಹೂಂಗುಟ್ಟುತ್ತಿದ್ದರು, ಮತ್ತೆ ಇನ್ನೊಂದು ನಂಬರು, ಮತ್ತೆ ಅದೇ ಮಾತು. ಅವಳೇ ತಪ್ಪು ಮಾಡಿದಳು ಎನ್ನುವಾಗ ನಾನು ತಟ್ಟೆ ಉಜ್ಜುತ್ತಲೇ ಇದ್ದೆ. ಅವಳೇ ಬಂದು ಹೇಳಿದಳು ಎನ್ನುವಾಗ ಪ್ರತಿ ಸಲವೂ ಕೈ ನಿಲ್ಲುತ್ತಿತ್ತು. ಅಮ್ಮ ಒಂದು ಸಲ ನನ್ನ ಕಡೆ ನೋಡಿ, ನನ್ನ ಕೈಯಿಂದ ತಟ್ಟೆ ತೆಗೆದುಕೊಂಡಳು.

ಊಟದ ಹೊತ್ತಿಗೆ ಅಪ್ಪ ಜಗಲಿಯಿಂದ ಎದ್ದರು. ಫೋನನ್ನು ನನ್ನ ಕೈಗೆ ಕೊಟ್ಟು, ‘ಮಿಕ್ಕಿರೋರಿಗೆ ನೀನೇ ಮಾಡಮ್ಮ’ ಎಂದರು.

ಮಾಡಿದೆ. ಹುಳ ಇಲ್ಲ, ಸುಟ್ಟುಹಾಕಿದೆವು, ನೋಡಿದವಳು ನಾನೇ, ತಪ್ಪು ನನ್ನದು ಎಂದೆ. ಕೆಲವರು ಬೈದರು, ಒಬ್ಬರು ಪೂರ್ತಿ ಕೇಳದೆ ಫೋನ್ ಇಟ್ಟುಬಿಟ್ಟರು. ಅಷ್ಟು ಹೇಳಿ ನಿಲ್ಲಿಸಿದೆ. ಅಪ್ಪ ಕೊನೆಗೆ ಸೇರಿಸುತ್ತಿದ್ದ ಒಂದು ಮಾತನ್ನು ನಾನು ಹೇಳುವ ಹಾಗಿರಲಿಲ್ಲ, ಅದು ಅಪ್ಪ ಮಾತ್ರ ಹೇಳಬಹುದಾದದ್ದು.